‘ಜರ್ಕ್’ ಪದಕ್ಕೆ ಸಮಾನಾರ್ಥಕ: ಬರೀ ಪಟ್ಟಿ ಸಾಲದು

ಮಾನ್ಯ ಸಂಪಾದಕರೆ,

ಪರೀಕ್ಷಾರ್ಥಿಗಳಿಗಾಗಿ ತಾವು ಪ್ರಕಟಿಸುವ ಪುಟದ ‘ಪದಸಂಪತ್ತು’ ವಿಭಾಗದಲ್ಲಿ ಇಂಗ್ಲಿಷಿನ ‘ಜರ್ಕ್’ ಪದಕ್ಕೆ ಟ್ವಿಚ್, ಜೋಲ್ಟ್, ಲರ್ಚ್, ಟಗ್, ಯ್ಯಾಂಕ್, ಫ್ಲಿಂಚ್, ಶಡರ್, ಫ್ಲಿಕ್ ಎಂಬ ಸಮಾನಾರ್ಥಕಗಳನ್ನು ಒಂದೇ ಸಾಲಿನಲ್ಲಿ ಕೊಡಲಾಗಿದೆ. ಕನ್ನಡ ಅರ್ಥದ ಜಾಗದಲ್ಲಿ ‘ಜಗ್ಗು, ಅಲುಗಾಡು’ ಎಂದಷ್ಟೇ ಇದೆ. ಇದು ತಮ್ಮ ಪುಟದ್ದೊಂದೇ ತಪ್ಪಲ್ಲ, ಪೇಟೆಯಲ್ಲಿ ಸಿಗುವ ಗೈಡುಗಳಲ್ಲೂ ಇದೇ ಸಾಲು ಇರುತ್ತದೆ. ಅದನ್ನು ಬಾಯಿಪಾಠ ಮಾಡಿದ ಮಕ್ಕಳು ಉತ್ತರಪತ್ರಿಕೆಯಲ್ಲಿ ‘ಬಸ್ಸು ಟ್ವಿಚ್ ಆಗಿ ನಿಂತಿತು’, ‘ಅಮ್ಮ ನನ್ನ ಕೈಯನ್ನು ಫ್ಲಿಂಚ್ ಮಾಡಿದಳು’ ಎಂಬ ಧಾಟಿಯ ಇಂಗ್ಲಿಷ್ ಬರೆಯುತ್ತಾರೆ. ವ್ಯಾಕರಣ ಸರಿಯಿರುತ್ತದೆ, ಕಾಗುಣಿತವೂ ಸರಿಯಿರುತ್ತದೆ, ವಾಕ್ಯ ಮಾತ್ರ ಯಾರೂ ಆಡದ್ದು. ಕಾರವಾರ ಮತ್ತು ಶಿರಸಿ ಶೈಕ್ಷಣಿಕ ಜಿಲ್ಲೆಗಳಲ್ಲಿ ಇಂಗ್ಲಿಷ್ ಕಲಿಸುವ ನಾವು ಕೆಲವರು ಸೇರಿ ಈ ಗುಂಪಿನ ಪದಗಳನ್ನು ಹೇಗೆ ಬೇರ್ಪಡಿಸಿ ಕಲಿಸಬಹುದೆಂದು ಬರೆಯುತ್ತಿದ್ದೇವೆ. ಪತ್ರ ಉದ್ದವಾಗಿದೆ, ಕ್ಷಮೆಯಿರಲಿ.

ಒಂದು ಪದ ಎದುರಾದಾಗ ಕೇಳಬೇಕಾದ ಪ್ರಶ್ನೆಗಳು ಇವು: ಚಲನೆ ತಾನಾಗಿ ಆಯಿತೋ, ಬೇಕೆಂದು ಮಾಡಿದ್ದೋ? ಒಮ್ಮೆ ಆಗಿ ಮುಗಿಯಿತೋ, ಮತ್ತೆ ಮತ್ತೆ ಆಗುತ್ತಿದೆಯೋ? ರೆಪ್ಪೆಯಷ್ಟು ಸಣ್ಣದೋ, ಇಡೀ ಮೈಯಷ್ಟು ದೊಡ್ಡದೋ? ಎಳೆತವೋ, ನೂಕೋ, ಬರೀ ಅದುರೋ? ಅರ್ಥ ಗೊತ್ತಿದ್ದೂ ಈ ಪ್ರಶ್ನೆ ಕೇಳಿಕೊಳ್ಳದ ಹುಡುಗ ಎಡವುತ್ತಾನೆ. ಕೇಳಿಕೊಂಡವನು ನಿಘಂಟು ಇಲ್ಲದೆಯೂ ಅರ್ಧ ದಾರಿ ದಾಟುತ್ತಾನೆ.

ಕರಾವಳಿಯ ಮಕ್ಕಳಿಗೆ ಗಾಳದ ದಾರಕ್ಕಿಂತ ಒಳ್ಳೆಯ ಪಾಠ ಬೇಡ. ಕಾಳಿ ನದಿ ಸಮುದ್ರ ಸೇರುವಲ್ಲಿ ದಾರ ಬಿಟ್ಟು ಕೂತವನ ಬೆರಳಿಗೆ ಮೊದಲು ತಾಗುವುದು ಸಣ್ಣ ಸಣ್ಣ ಮಿಡಿತ. ಮೀನು ಎರೆಯನ್ನು ಚೂರುಚೂರೇ ಕಚ್ಚುತ್ತಿದೆ, ಅದು ನಿಬಲ್. ಆಮೇಲೆ ದಾರವನ್ನು ಗಟ್ಟಿಯಾಗಿ ಎಳೆಯುತ್ತದೆ, ಬಿಡುತ್ತದೆ, ಮತ್ತೆ ಎಳೆಯುತ್ತದೆ. ಇದು ಟಗ್. ಟಗ್ ಅಂದರೆ ಎಳೆತ, ಆದರೆ ಅದರಲ್ಲಿ ಆತುರಕ್ಕಿಂತ ಹಟ ಹೆಚ್ಚು. ಮಗು ಅಮ್ಮನ ಸೆರಗು ಹಿಡಿದು ಎಳೆಯುವುದೂ ಟಗ್, ಹಗ್ಗಜಗ್ಗಾಟವೂ ‘ಟಗ್ ಆಫ್ ವಾರ್’. ಗಾಳ ಹಿಡಿದವನು ಈಗ ಕೈಯನ್ನು ಒಂದೇ ಸಲಕ್ಕೆ ಸರಕ್ಕನೆ ಮೇಲೆತ್ತುತ್ತಾನೆ, ಕೊಕ್ಕೆ ನೆಡಲಿ ಎಂದು. ಅದು ಜರ್ಕ್: ಒಮ್ಮೆ, ಚುಟುಕು, ಬಲವಾದದ್ದು. ಮರಳಿನ ಮೇಲೆ ಬಿದ್ದ ಮೀನು ವಿಲವಿಲ ಒದ್ದಾಡಿದರೆ ಥ್ರ್ಯಾಶ್, ಬಲ ಕುಂದಿ ಪಟ್ ಪಟ್ ಎಂದು ಮಗುಚಿಕೊಂಡರೆ ಫ್ಲಾಪ್. ಕೊನೆಗೆ ಬಾಲದ ತುದಿ ಮಾತ್ರ ಆಗಾಗ ಅದುರಿದರೆ ಟ್ವಿಚ್. ಒಂದು ಮೀನಿಗೆ ಆರು ಪದ ಬೇಕಾದವು. ಒಂದನ್ನು ಇನ್ನೊಂದರ ಜಾಗದಲ್ಲಿ ಇಟ್ಟು ನೋಡಿ, ಒಂದೋ ಮೀನು ಬದಲಾಗುತ್ತದೆ, ಇಲ್ಲವೇ ಹಿಡಿಯುವವನು ಬದಲಾಗುತ್ತಾನೆ.

ಗಟ್ಟದ ಮೇಲಿನವರಿಗೆ ಬಸ್ಸೇ ಪಾಠಶಾಲೆ. ಕುಮಟಾದಿಂದ ಶಿರಸಿಗೆ ದೇವಿಮನೆ ಗಟ್ಟ ಹತ್ತುವ ಬಸ್ಸನ್ನು ನೆನಪಿಸಿಕೊಳ್ಳಿ. ಹೊಂಡಕ್ಕೆ ಇಳಿದ ಗಾಲಿ ಸೀಟಿನಲ್ಲಿ ಕೂತವರನ್ನು ಎತ್ತಿಹಾಕುತ್ತದಲ್ಲ, ಅದು ಜೋಲ್ಟ್. ಜೋಲ್ಟ್‌ನಲ್ಲಿ ಪೆಟ್ಟು ಹೊರಗಿನಿಂದ ಬರುತ್ತದೆ, ಮೈಗೆ ತಾಗುತ್ತದೆ. ಆದ್ದರಿಂದಲೇ ಕೆಟ್ಟ ಸುದ್ದಿ ಮನಸ್ಸಿಗೆ ತಾಗಿದ್ದನ್ನೂ ಇಂಗ್ಲಿಷಿನವರು ಜೋಲ್ಟ್ ಅನ್ನುತ್ತಾರೆ. ಡ್ರೈವರ್ ಕ್ಲಚ್ಚನ್ನು ಗಕ್ಕನೆ ಬಿಟ್ಟಾಗ ಎಲ್ಲರ ತಲೆಯೂ ಒಮ್ಮೆ ಹಿಂದಕ್ಕೆ ಹೋಗಿ ಬರುವುದು ಜರ್ಕ್. ನಮ್ಮ ಮೆಕ್ಯಾನಿಕರೂ ‘ಗಾಡಿ ಜರ್ಕ್ ಹೊಡೀತದೆ’ ಎಂದೇ ಹೇಳುವುದು, ಸರಿಯಾಗಿಯೇ ಹೇಳುತ್ತಾರೆ. ತಿರುವಿನಲ್ಲಿ ಬಸ್ಸು ಇದ್ದಕ್ಕಿದ್ದಂತೆ ಒಂದು ಬದಿಗೆ ವಾಲಿ, ನಿಂತವರು ಕಂಬಿ ಹಿಡಿಯಲು ತಡಕಾಡಿದರೆ ಲರ್ಚ್. ಲರ್ಚ್ ಮೂಲತಃ ಹಡಗಿನವರ ಮಾತು. ಹಡಗು ಹಟಾತ್ತನೆ ಒಂದು ಮಗ್ಗುಲಿಗೆ ಹೊರಳುವುದಕ್ಕೆ ಅವರು ಬಳಸುತ್ತಿದ್ದದ್ದು ಮುಂದೆ ಕುಡುಕನ ನಡಿಗೆಗೂ ಬಂತು. ಕನ್ನಡದಲ್ಲಿ ‘ಜೋಲಿ ಹೊಡೆ’ ಅನ್ನುವುದು ಇದಕ್ಕೆ ಬಹಳ ಹತ್ತಿರ. ಬೈತಖೋಲದ ಬಂದರಿನಲ್ಲಿ ಕಟ್ಟಿದ ದೋಣಿ ಅಲೆಗೆ ತಕ್ಕಂತೆ ಅತ್ತಿತ್ತ ತೂಗುವುದು ಮಾತ್ರ ಲರ್ಚ್ ಅಲ್ಲ, ಅದು ರಾಕ್ ಅಥವಾ ರೋಲ್. ತಾಳ ಇರುವ ಚಲನೆಗೆ ಬೇರೆ ಪದ, ತಾಳ ತಪ್ಪಿದ್ದಕ್ಕೆ ಬೇರೆ ಪದ.

ಇನ್ನು ಜಡರ್. ಏರಿನಲ್ಲಿ ಮೊದಲ ಗೇರಿಗೆ ಹಾಕಿ ಕ್ಲಚ್ ಬಿಡುವಾಗ ಗಾಡಿಯಿಡೀ ಗಡಗಡ ಅದುರುತ್ತಾ ಮುಂದೆ ಹೋಗುತ್ತದೆ. ಕ್ಲಚ್ ಪ್ಲೇಟಿಗೆ ಎಣ್ಣೆ ತಾಗಿದ್ದರೆ, ಪ್ಲೇಟು ಸವೆದು ನುಣುಪಾಗಿದ್ದರೆ, ಇಂಜಿನ್ ಕೂರಿಸುವ ರಬ್ಬರು ಹರಿದಿದ್ದರೆ ಹೀಗಾಗುತ್ತದೆ. ಪ್ಲೇಟು ಒಮ್ಮೆ ಹಿಡಿಯುತ್ತದೆ, ಒಮ್ಮೆ ಜಾರುತ್ತದೆ, ಆ ಹಿಡಿತ-ಜಾರುವಿಕೆ ಸೆಕೆಂಡಿಗೆ ಹಲವು ಸಲ ನಡೆಯುವುದೇ ಈ ಗಡಗಡ. ಹಳೆಯ ಬಸ್ಸು ನಿಲ್ಲುವಾಗ ಹೀಗೆ ಅದುರಿ ನಿಂತರೆ ‘ಜಡರ್ ಟು ಅ ಹಾಲ್ಟ್’. ಗಕ್ಕನೆ ನಿಂತರೆ ‘ಜರ್ಕ್ ಟು ಅ ಹಾಲ್ಟ್’. ಎರಡಕ್ಕೂ ‘ಬಸ್ಸು ಅಲುಗಾಡಿ ನಿಂತಿತು’ ಎಂದರೆ ಗಡಗಡ ಅದುರಿ ನಿಂತದ್ದು ಯಾವುದು, ಗಕ್ಕನೆ ನಿಂತದ್ದು ಯಾವುದು ಎಂದು ತಿಳಿಯುವುದಿಲ್ಲ. ಯಂತ್ರಕ್ಕೆ ಜಡರ್, ಶಡರ್, ಜರ್ಕ್, ಲರ್ಚ್ ಎಲ್ಲ ಸಲ್ಲುತ್ತವೆ. ಫ್ಲಿಂಚ್, ವಿನ್ಸ್ ಸಲ್ಲವು, ಏಕೆಂದರೆ ಅವಕ್ಕೆ ನೋವೋ ಹೆದರಿಕೆಯೋ ಬೇಕು.

ವಿಜ್ಞಾನ ಓದುವವರಿಗೆ ಒಂದು ಮಾತು. ಯಂತ್ರಶಾಸ್ತ್ರದಲ್ಲಿ ಜರ್ಕ್ ಒಂದು ಅಳತೆ. ಸ್ಥಾನ ಬದಲಾಗುವ ದರ ವೇಗ, ವೇಗ ಬದಲಾಗುವ ದರ ವೇಗೋತ್ಕರ್ಷ, ವೇಗೋತ್ಕರ್ಷ ಬದಲಾಗುವ ದರ ಜರ್ಕ್. ಅದರ ಮಾನ ಸೆಕೆಂಡಿನ ಘನಕ್ಕೆ ಇಷ್ಟು ಮೀಟರು ಎಂದು. ಬಸ್ಸು ಒಂದೇ ಸಮನೆ ವೇಗ ಹೆಚ್ಚಿಸಿಕೊಳ್ಳುತ್ತಿದ್ದರೆ ಬೆನ್ನು ಸೀಟಿಗೆ ಒತ್ತಿಕೊಂಡಿರುತ್ತದೆಯೇ ಹೊರತು ಕುತ್ತಿಗೆ ಎಗರುವುದಿಲ್ಲ. ಆ ಒತ್ತು ಏಕಾಏಕಿ ಬಂದಾಗ, ಏಕಾಏಕಿ ಹೋದಾಗ ಎಗರುತ್ತದೆ. ಲಿಫ್ಟು, ರೈಲು ವಿನ್ಯಾಸ ಮಾಡುವವರು ಈ ಅಂಕಿಯನ್ನು ಕಡಿಮೆ ಇಡಲು ಹೆಣಗುವುದು ಅದಕ್ಕೇ.

ಕೈಯಿಂದ ಎಳೆಯುವ ಪದಗಳನ್ನು ಬೇಗ ಮುಗಿಸಬಹುದು. ಯ್ಯಾಂಕ್ ಒರಟು, ಆಡುಮಾತಿನದು, ಅಂಟಿಕೊಂಡ ಬಾಗಿಲನ್ನು ಎಳೆದು ತೆಗೆಯುವಂಥದ್ದು. ಪ್ಲಕ್ ಹಗುರ: ಹೂ ಕೊಯ್ಯುವುದು, ತಂತಿ ಮೀಟುವುದು, ಕೋಳಿಯ ಪುಕ್ಕ ಕೀಳುವುದು. ಟ್ವೀಕ್ ಎರಡು ಬೆರಳಲ್ಲಿ ಹಿಂಡಿ ತಿರುಪುವುದು, ಕಿವಿ ಹಿಂಡಿದ ಹಾಗೆ. ಈಗ ಕಂಪ್ಯೂಟರಿನವರ ಬಾಯಲ್ಲಿ ಸಣ್ಣ ತಿದ್ದುಪಡಿಗೂ ಅದೇ ಪದ. ರೆಂಚ್ ತಿರುಚಿ ಎಳೆಯುವುದು. ಗ್ಯಾರೇಜಿನ ಉಪಕರಣಕ್ಕೆ ಆ ಹೆಸರು ಬಂದದ್ದೂ, ಪಾದ ಉಳುಕಿದ್ದಕ್ಕೆ ‘ರೆಂಚ್ಡ್ ಆ್ಯಂಕಲ್’ ಎನ್ನುವುದೂ ಆ ತಿರುಚುವಿಕೆಯಿಂದ. ಹಿಚ್ ಎಂದರೆ ಜಾರಿದ ಲುಂಗಿ, ಚಡ್ಡಿಗಳನ್ನು ಚಕ್ಕನೆ ಮೇಲೆಳೆದುಕೊಳ್ಳುವುದು. ಸ್ನ್ಯಾಚ್ ಕಸಿದುಕೊಳ್ಳುವುದು.

ಇದರಲ್ಲೇ ಕ್ರೀಡಾಪುಟಕ್ಕೆ ಬೇಕಾದ ವಿಷಯವೂ ಇದೆ. ಭಾರ ಎತ್ತುವ ಸ್ಪರ್ಧೆಯಲ್ಲಿ ಸ್ನ್ಯಾಚ್ ಎಂದರೆ ನೆಲದಿಂದ ತಲೆಯ ಮೇಲಕ್ಕೆ ಒಂದೇ ಓಟದಲ್ಲಿ. ಕ್ಲೀನ್ ಆ್ಯಂಡ್ ಜರ್ಕ್‌ನಲ್ಲಿ ಎರಡು ಹಂತ: ಮೊದಲು ಹೆಗಲಿಗೆ ತರುವುದು ಕ್ಲೀನ್, ಮೊಣಕಾಲು ತುಸು ಮಡಿಸಿ ಅಲ್ಲಿಂದ ಮೇಲಕ್ಕೆ ಚಿಮ್ಮಿಸುವುದು ಜರ್ಕ್. 2000ರ ಸಿಡ್ನಿ ಒಲಿಂಪಿಕ್ಸ್‌ನಲ್ಲಿ ಕರ್ಣಂ ಮಲ್ಲೇಶ್ವರಿ ಕಂಚು ಗೆದ್ದದ್ದು ಸ್ನ್ಯಾಚ್‌ನಲ್ಲಿ 110, ಕ್ಲೀನ್ ಆ್ಯಂಡ್ ಜರ್ಕ್‌ನಲ್ಲಿ 130, ಒಟ್ಟು 240 ಕಿಲೋ ಎತ್ತಿ. ಇಲ್ಲಿ ಜರ್ಕ್ ಎಂಬುದು ಎಳೆತವೇ ಅಲ್ಲ, ಕಾಲಿನ ಬಲದಿಂದ ಹೊಮ್ಮಿದ ನೂಕು. ‘ಜರ್ಕ್ ಎಂದರೆ ಜಗ್ಗು’ ಎಂದು ಕಲಿತವರಿಗೆ ಇದು ಅರ್ಥವಾಗುವುದೇ ಕಷ್ಟ.

ಅತಿ ಹೆಚ್ಚು ಗೊಂದಲ ಇರುವುದು ಮೈಯ ಚಲನೆಗಳಲ್ಲಿ, ಮತ್ತು ಇಲ್ಲಿ ತಪ್ಪಿದರೆ ಅಂಕ ಮಾತ್ರ ಹೋಗುವುದಿಲ್ಲ. ಆರೋಗ್ಯ ಪುಟದ ಅನುವಾದಗಳಲ್ಲಿ ಟ್ವಿಚ್, ಸ್ಪ್ಯಾಸಮ್, ಕ್ರ್ಯಾಂಪ್, ಸೀಜರ್ ಎಲ್ಲಕ್ಕೂ ‘ಸೆಳೆತ’ ಎಂದೇ ಬರೆಯುವುದನ್ನು ನೋಡುತ್ತೇವೆ. ಓದಿದವನು ರೆಪ್ಪೆ ಅದುರಿದ್ದಕ್ಕೆ ಹೆದರುತ್ತಾನೆ, ಫಿಟ್ಸ್ ಬಂದದ್ದನ್ನು ಕಾಲು ಹಿಡಿದುಕೊಂಡಿದ್ದೆಂದು ಸುಮ್ಮನಾಗುತ್ತಾನೆ.

‘ಕಣ್ಣು ಹಾರ್ತದೆ’ ಎಂದು ನಮ್ಮಲ್ಲಿ ಹೇಳುವುದು ಟ್ವಿಚ್. ಸ್ನಾಯುವಿನ ಒಂದೆರಡು ಎಳೆ ತಾನಾಗಿ ಮಿಡಿಯುತ್ತದೆ, ನಾವು ತಡೆಯಲಾರೆವು. ನಿದ್ದೆಗೇಡು, ಹೆಚ್ಚು ಕಾಫಿ-ಚಹಾ, ಒತ್ತಡ ಇದಕ್ಕೆ ಸಾಮಾನ್ಯ ಕಾರಣ, ಹೆಚ್ಚಿನ ಸಲ ತಾನಾಗಿಯೇ ನಿಲ್ಲುತ್ತದೆ. ವಾರಗಟ್ಟಲೆ ಮುಂದುವರಿದರೆ, ಮುಖದ ಒಂದು ಬದಿಯಿಡೀ ಎಳೆಯತೊಡಗಿದರೆ ವೈದ್ಯರಿಗೆ ತೋರಿಸಬೇಕು. ಎಡಗಣ್ಣೋ ಬಲಗಣ್ಣೋ ಎಂಬ ಶಕುನದ ಚರ್ಚೆ ಬೇರೆ ಪುಟದ್ದು. ನಿದ್ದೆಗೆ ಜಾರುವ ಹೊತ್ತಿಗೆ ಮೇಲಿಂದ ಬಿದ್ದಂತಾಗಿ ಕಾಲು ಝಾಡಿಸಿ ಎಚ್ಚರಾಗುವುದು ಟ್ವಿಚ್‌ಗಿಂತ ದೊಡ್ಡದು, ಅದನ್ನು ಹಿಪ್ನಿಕ್ ಜರ್ಕ್ ಎನ್ನುತ್ತಾರೆ, ಅಪಾಯವಿಲ್ಲ. ಬಿಕ್ಕಳಿಕೆ ಕೂಡ ವೈದ್ಯರ ವಿಂಗಡಣೆಯಲ್ಲಿ ಇದೇ ಜಾತಿಯ ಸ್ನಾಯು ಜಿಗಿತ.

ಟ್ರೆಮರ್ ಹಾಗಲ್ಲ, ಅದಕ್ಕೆ ಲಯವಿದೆ. ಪಾರ್ಕಿನ್ಸನ್ ಕಾಯಿಲೆಯ ಕೈನಡುಕ ಕೈ ಸುಮ್ಮನೆ ತೊಡೆಯ ಮೇಲಿದ್ದಾಗ ಸೆಕೆಂಡಿಗೆ 4ರಿಂದ 6 ಸಲದಂತೆ ಕಾಣಿಸಿಕೊಳ್ಳುತ್ತದೆ, ಲೋಟ ಎತ್ತಲು ಹೋದಾಗ ಕಡಿಮೆಯಾಗುತ್ತದೆ. ಲೋಟ ಎತ್ತಿದಾಗಲೇ ಶುರುವಾಗುವ ನಡುಕ ಬೇರೆ ಬಗೆಯದು. ಜೇಮ್ಸ್ ಪಾರ್ಕಿನ್ಸನ್ 1817ರಲ್ಲಿ ಆ ಕಾಯಿಲೆಯನ್ನು ವರ್ಣಿಸಿದಾಗ ಶೀರ್ಷಿಕೆಯಲ್ಲಿ ಆರಿಸಿಕೊಂಡ ಪದ ಶೇಕಿಂಗ್. ಜರ್ಕಿಂಗ್ ಎಂದಿದ್ದರೆ ರೋಗವೇ ಬೇರೆಯಾಗುತ್ತಿತ್ತು.

ಟಿಕ್ ಶಿಕ್ಷಕರಿಗೆ ಗೊತ್ತಿರಲೇಬೇಕಾದ ಪದ. ಪದೇ ಪದೇ ಕಣ್ಣು ಮಿಟುಕಿಸುವುದು, ಹೆಗಲು ಕುಣಿಸುವುದು, ಮೂಗು ಏರಿಸುವುದು. ಮಗು ಸ್ವಲ್ಪ ಹೊತ್ತು ತಡೆದು ಹಿಡಿಯಬಲ್ಲದು, ಆದರೆ ಒಳಗೊಳಗೇ ತವಕ ಹೆಚ್ಚಿ ಮತ್ತೆ ಮಾಡುತ್ತದೆ. ಅದನ್ನು ‘ಚಾಳಿ’ ಎಂದು ಅನುವಾದಿಸಿದ ಕೂಡಲೇ ಬೈಗುಳ ಶುರುವಾಗುತ್ತದೆ, ಬೈದಷ್ಟೂ ಟಿಕ್ ಹೆಚ್ಚುತ್ತದೆ. ಗಡಿಯಾರದ ಸದ್ದಿನ ಟಿಕ್‌ಗೂ ಉಣ್ಣಿಯ ಹೆಸರಿನ ಟಿಕ್‌ಗೂ ಕೊನೆಯಲ್ಲಿ ‘ಕೆ’ ಅಕ್ಷರವಿದೆ, ಇದಕ್ಕಿಲ್ಲ. ಫಿಜೆಟ್ ಎಂದರೆ ಬೇಸರಕ್ಕೋ ಕಳವಳಕ್ಕೋ ಮಿಸುಕಾಡುವುದು, ಅದು ಕಾಯಿಲೆಯಲ್ಲ, ಪಾಠ ಉದ್ದವಾಯಿತೆಂಬ ಸೂಚನೆ.

ಕ್ರ್ಯಾಂಪ್ ಎಂದರೆ ರಾತ್ರಿ ಮೀನಖಂಡ ಗಂಟುಕಟ್ಟಿ ಹಿಡಿದುಕೊಳ್ಳುವುದು, ನೋವು ಇದ್ದೇ ಇರುತ್ತದೆ. ಸ್ಪ್ಯಾಸಮ್ ಇದಕ್ಕಿಂತ ಅಗಲವಾದ ಪದ. ಕರುಳು, ಶ್ವಾಸನಾಳ ಯಾವುದೂ ತಾನಾಗಿ ಬಿಗಿದುಕೊಳ್ಳಬಹುದು, ನೋವಿದ್ದೂ ಇರಬಹುದು, ಇಲ್ಲದೆಯೂ ಇರಬಹುದು. ಕನ್ವಲ್ಷನ್ ಮೈಯಿಡೀ ಸೆಟೆದು ಒದ್ದಾಡುವುದು, ನಾವು ಫಿಟ್ಸ್ ಎನ್ನುವುದು. ಈ ಮಾತು ಬಂದಾಗ ಹೇಳಲೇಬೇಕು: ಕೈಗೆ ಕಬ್ಬಿಣ ಕೊಡುವುದರಿಂದ ಏನೂ ಆಗದು, ಬಾಯಿಗೆ ಚಮಚ ತುರುಕಿದರೆ ಹಲ್ಲು ಮುರಿಯುತ್ತದೆ. ಮಗ್ಗುಲಿಗೆ ಮಲಗಿಸಿ, ತಲೆಯ ಕೆಳಗೆ ಮೆತ್ತನೆಯದು ಇಟ್ಟು, ಐದು ನಿಮಿಷ ದಾಟಿದರೆ ಆಂಬುಲೆನ್ಸ್ ಕರೆಯಬೇಕು.

ಹೆದರಿಕೆ-ನೋವುಗಳ ಮೂರು ಪದ ಪರೀಕ್ಷೆಯಲ್ಲಿ ಮತ್ತೆ ಮತ್ತೆ ಬರುತ್ತವೆ. ಪೆಟ್ಟು ಬೀಳುವ ಮುಂಚೆಯೇ ಮೈ ಹಿಂದಕ್ಕೆ ಸೆಳೆದುಕೊಳ್ಳುವುದು ಫ್ಲಿಂಚ್. ಚುಚ್ಚುಮದ್ದಿನ ಸೂಜಿ ಹತ್ತಿರ ಬಂದಾಗ ತೋಳು ಸರಿಯುತ್ತದಲ್ಲ, ಹಾಗೆ. ಸೂಜಿ ಚುಚ್ಚಿದ ಮೇಲೆ ಮುಖ ಕಿವುಚಿದರೆ ವಿನ್ಸ್. ಮೊದಲನೆಯದು ಮೈಯಲ್ಲಿ, ಎರಡನೆಯದು ಮುಖದಲ್ಲಿ. ಮೊದಲನೆಯದರ ಮುಂದೆ ‘ಫ್ರಮ್’ ಬರುತ್ತದೆ, ಎರಡನೆಯದರ ಮುಂದೆ ‘ಆ್ಯಟ್’. ಒಬ್ಬರನ್ನು ಫ್ಲಿಂಚ್ ‘ಮಾಡುವುದು’ ಸಾಧ್ಯವಿಲ್ಲ, ಅದಕ್ಕೆ ಕರ್ಮಪದ ಹಿಡಿಸುವುದಿಲ್ಲ. ಅಮ್ಮನ ಕೈಯ ವಾಕ್ಯ ಕೆಟ್ಟದ್ದು ಅಲ್ಲಿ. ಮೂರನೆಯದು ಸ್ಟಾರ್ಟ್. ‘ಶುರುಮಾಡು’ ಎಂಬ ಅರ್ಥವೊಂದೇ ಗೊತ್ತಿರುವವರಿಗೆ ‘ವೋಕ್ ವಿದ್ ಅ ಸ್ಟಾರ್ಟ್’ ಎಂಬುದು ಒಗಟು. ಅದರ ಅರ್ಥ ಬೆಚ್ಚಿ ಎದ್ದ, ಅಷ್ಟೇ. ಸ್ಟಾರ್ಟಲ್ ಎಂದರೆ ಇನ್ನೊಬ್ಬರನ್ನು ಬೆಚ್ಚಿಬೀಳಿಸುವುದು.

ನಡುಕದ ಪದಗಳಿಗೆ ಕನ್ನಡ ನೇರವಾಗಿ ಕೂಡುತ್ತದೆ. ಚಳಿಗೆ ಗಡಗಡ ನಡುಗಿದರೆ ಶಿವರ್. ಭಯಕ್ಕೆ ಥರಥರ ಎಂದರೆ ಟ್ರೆಂಬಲ್. ಅಸಹ್ಯವಾದದ್ದನ್ನು ನೆನೆದು ಮೈ ಒಮ್ಮೆ ಜುಂ ಎಂದರೆ ಶಡರ್. ಅಳು ತಡೆದಾಗ ತುಟಿ ಅದುರಿದರೆ ಕ್ವಿವರ್.

ಪಟ್ಟಿಗಳಲ್ಲಿ ಎಲ್ಲೂ ಕಾಣದ, ಆದರೆ ನಮ್ಮ ಅನುಭವದಲ್ಲಿ ಮಕ್ಕಳಿಗೆ ಎಲ್ಲಕ್ಕಿಂತ ಬೇಗ ಹತ್ತುವ ವಿಷಯ ಒಂದಿದೆ. ಚಲನೆಯ ರೀತಿಯನ್ನು ಇಂಗ್ಲಿಷ್ ಕ್ರಿಯಾಪದದ ಹೊಟ್ಟೆಯೊಳಗೆ ಇಡುತ್ತದೆ. ಕನ್ನಡ ಅದನ್ನು ಅನುಕರಣಾವ್ಯಯದಲ್ಲಿ ಇಟ್ಟು ಕ್ರಿಯಾಪದವನ್ನು ಸಾದಾ ಬಿಡುತ್ತದೆ. ‘ಕೈಯನ್ನು ಸರಕ್ಕನೆ ಹಿಂದೆಗೆದಳು’ ಎಂಬಲ್ಲಿ ‘ಸರಕ್ಕನೆ’ ಹೇಳಿದ್ದನ್ನೂ ‘ಹಿಂದೆಗೆ’ ಹೇಳಿದ್ದನ್ನೂ ಸೇರಿಸಿ ಇಂಗ್ಲಿಷ್ ‘ಜರ್ಕ್ಡ್ ಅವೇ’ ಎನ್ನುತ್ತದೆ. ಕನ್ನಡದಿಂದ ಇಂಗ್ಲಿಷಿಗೆ ಹೋಗುವ ಮಕ್ಕಳು ಸರಕ್ಕನೆ, ಚಕ್ಕನೆ, ಗಕ್ಕನೆ, ಥಟ್ಟನೆ, ಗಬಕ್ಕನೆ ಎಲ್ಲಕ್ಕೂ ‘ಸಡನ್‌ಲಿ’ ಹಾಕುತ್ತಾರೆ. ಹೀಗಾಗಿ ಒಂದು ಪುಟದ ಪ್ರಬಂಧದಲ್ಲಿ ಸಡನ್‌ಲಿ ತುಂಬಿರುತ್ತದೆ. ಸರಿಯಾದ ಕ್ರಿಯಾಪದ ಸಿಕ್ಕಿದರೆ ಸಡನ್‌ಲಿ ತಾನಾಗಿ ಉದುರುತ್ತದೆ. ‘ಸಡನ್‌ಲಿ ಜರ್ಕ್ಡ್’ ಎಂದರೆ ಒಂದೇ ಮಾತನ್ನು ಎರಡು ಸಲ ಹೇಳಿದಂತೆ, ನಿಧಾನವಾದ ಜರ್ಕ್ ಎಂಬುದೇ ಇಲ್ಲವಲ್ಲ. ಇಂಗ್ಲಿಷಿನಿಂದ ಕನ್ನಡಕ್ಕೆ ಬರುವಾಗ ಇದರ ತಿರುಗಾಮುರುಗಾ. ‘ಕೈಯನ್ನು ಜರ್ಕ್ ಮಾಡಿದಳು’ ಎನ್ನುವ ಅನುವಾದಕರಿಗೆ ಒಂದು ‘-ಕ್ಕನೆ’ ಸಿಕ್ಕಿದ್ದರೆ ಸಾಕಿತ್ತು.

ಆ ‘-ಕ್ಕನೆ’ಯಲ್ಲಿ ಇನ್ನೊಂದು ಸೊಗಸಿದೆ. ಸರಕ್ಕನೆ ಎಂದರೆ ಒಮ್ಮೆ, ಸರಸರ ಎಂದರೆ ಮುಂದುವರಿದದ್ದು. ಪಟಕ್ಕನೆ ಒಮ್ಮೆ, ಪಟಪಟ ಹಲವು ಸಲ. ದಡಕ್ಕನೆ ಮತ್ತು ದಡದಡ, ಮಿಣಕ್ಕನೆ ಮತ್ತು ಮಿಣಮಿಣ ಕೂಡ ಹಾಗೆಯೇ. ಕ್ರಿಯಾಪದದಲ್ಲಿ ಈ ಕೆಲಸವನ್ನು ‘ಆಡು’ ಮಾಡುತ್ತದೆ: ಅಲುಗು-ಅಲುಗಾಡು, ಮಿಸುಕು-ಮಿಸುಕಾಡು, ಕೊಸರು-ಕೊಸರಾಡು, ಹೊರಳು-ಹೊರಳಾಡು. ಹವ್ಯಕರ ಮನೆಗಳಲ್ಲಿ ಹೇಳುವ ‘ಹಂದು, ಹಂದಾಡು’ ಕೂಡ ಇದೇ ಅಚ್ಚಿನದು. ಇಂಗ್ಲಿಷಿನಲ್ಲಿ ಇದರ ಜೋಡಿ ಪದದ ಕೊನೆಯ ‘ಎಲ್-ಇ’ ಮತ್ತು ‘ಇ-ಆರ್’. ವ್ಯಾಗ್ ಎಂಬುದಕ್ಕೆ ವ್ಯಾಗಲ್, ಜಾಗ್ ಎಂಬುದಕ್ಕೆ ಜಾಗಲ್. ಜಿಗಲ್, ರಿಗಲ್, ವಾಬಲ್, ಫ್ಲಟರ್, ಫ್ಲಿಕರ್, ಶಿವರ್, ಜಡರ್ ಎಲ್ಲವೂ ಮತ್ತೆ ಮತ್ತೆ ಆಗುವ ಸಣ್ಣ ಚಲನೆಗಳೇ. ಬೀಗಕ್ಕೆ ಸರಿಯಾಗಿ ಕೂರದ ಕೀಲಿಯನ್ನು ಅತ್ತಿತ್ತ ಅಲುಗಾಡಿಸಿ ತೆರೆಯುವುದು ಜಿಗಲ್, ಒಂದೇ ಸಲ ಬಲವಾಗಿ ತಿರುಪಿದರೆ ಅಲ್ಲ. ಸ್ವಿಚ್ಚನ್ನು ಬೆರಳಲ್ಲಿ ಚಿಮ್ಮಿದರೆ ಫ್ಲಿಕ್, ಹಾಕಿದ ದೀಪ ವೋಲ್ಟೇಜ್ ಸಾಲದೆ ಮಿಣಮಿಣ ಎಂದರೆ ಫ್ಲಿಕರ್. ಆ ಬಾಲವಿದ್ದ ಮಾತ್ರಕ್ಕೆ ಎಲ್ಲವೂ ಈ ಗುಂಪಿಗೆ ಸೇರುವುದಿಲ್ಲ, ಬಾಟಲ್ ಎಲ್ಲೂ ಅಲುಗಾಡುವುದಿಲ್ಲ. ಆದರೆ ಚಲನೆಯ ಪದವೆಂದು ಗೊತ್ತಾದ ಮೇಲೆ ಬಾಲ ನೋಡಿದರೆ ಊಹೆ ಬಹುಪಾಲು ಸರಿಹೋಗುತ್ತದೆ.

ತಲೆಯ ಕಡೆಯಿಂದಲೂ ಗುರುತು ಸಿಗುತ್ತದೆ. ‘ಎಫ್-ಎಲ್’ನಿಂದ ಶುರುವಾಗುವ ಫ್ಲಿಕ್, ಫ್ಲಿಪ್, ಫ್ಲಿಟ್, ಫ್ಲ್ಯಾಪ್, ಫ್ಲಟರ್ ಹಗುರ, ಗಾಳಿಯಲ್ಲಿ ಆಗುವಂಥವು. ‘ಡಬ್ಲ್ಯೂ-ಆರ್’ನಿಂದ ಶುರುವಾಗುವ ರಿಗಲ್, ರೈದ್, ರೆಂಚ್, ರಿಂಗ್‌ಗಳಲ್ಲಿ ನುಲಿಯುವಿಕೆ ಇದೆ. ಇವುಗಳಲ್ಲಿ ಡಬ್ಲ್ಯೂ ಉಚ್ಚಾರವಾಗದು, ಬರೆಯುವಾಗ ಬಿಟ್ಟರೆ ಅಂಕ ಹೋಗುತ್ತದೆ. ‘ಟಿ-ಡಬ್ಲ್ಯೂ’ನ ಟ್ವಿಚ್, ಟ್ವಿಸ್ಟ್, ಟ್ವೀಕ್, ಟ್ವರ್ಲ್‌ಗಳಲ್ಲಿ ತಿರುಪು ಅಥವಾ ಚಿವುಟು ಕಾಣುತ್ತದೆ. ನಿಯಮವೆಂದು ಹೇಳಲಾಗದು, ನೆನಪಿಗೆ ಒಂದು ಹಿಡಿಕೆ.

ಅನುಕರಣಾವ್ಯಯಗಳನ್ನು ಮಕ್ಕಳಾಟಿಕೆಯ ಮಾತೆಂದು ಬರವಣಿಗೆಯಿಂದ ಹೊಡೆದುಹಾಕುವ ಶಿಕ್ಷಕರೂ ಇದ್ದಾರೆ. 13ನೇ ಶತಮಾನದ ಕೇಶಿರಾಜ ‘ಶಬ್ದಮಣಿದರ್ಪಣ’ದ ಅವ್ಯಯ ಪ್ರಕರಣದಲ್ಲಿ ಅವಕ್ಕೆ ಜಾಗ ಕೊಟ್ಟಿದ್ದಾನೆ. 1894ರಲ್ಲಿ ಮಂಗಳೂರಿನಲ್ಲಿ ಅಚ್ಚಾದ ಕಿಟೆಲ್ ನಿಘಂಟಿನಲ್ಲೂ ಇಂಥ ಪದಗಳು ಪುಟಪುಟಕ್ಕೂ ಸಿಗುತ್ತವೆ. ದ್ವಿಭಾಷಾ ಪಾಠಕ್ಕೆ ಇವು ದೊಡ್ಡ ಬಂಡವಾಳ.

ಪ್ರಾಣಿಗಳ ಪದಗಳನ್ನು ಹೊರಗೆ ಕರೆದುಕೊಂಡು ಹೋಗಿ ತೋರಿಸಿದರೆ ಮುಗಿಯಿತು. ಕುಂಡೆಕುಸ್ಕ ಹಕ್ಕಿ ಬಾಲ ಮೇಲೆ ಕೆಳಗೆ ಆಡಿಸುವುದು ವ್ಯಾಗ್, ‘ವ್ಯಾಗ್‌ಟೇಲ್’ ಎಂಬ ಅದರ ಇಂಗ್ಲಿಷ್ ಹೆಸರಿನಲ್ಲೇ ಆ ಪದವಿದೆ. ಏರೋಪ್ಲೇನ್ ಚಿಟ್ಟೆ ನಿಂತಲ್ಲಿಂದ ಬಾಣದಂತೆ ಹೋಗುವುದು ಡಾರ್ಟ್, ಪಾತರಗಿತ್ತಿ ಹೂವಿನಿಂದ ಹೂವಿಗೆ ಸುಳಿಯುವುದು ಫ್ಲಿಟ್. ಏಡಿ ಮರಳಿನ ಮೇಲೆ ಅಡ್ಡಡ್ಡ ಸರಸರ ಓಡುವುದು ಸ್ಕಟಲ್, ಹಲ್ಲಿಯ ತುಂಡಾದ ಬಾಲ ಮಾಡುವುದು ರಿಗಲ್.

ಜರ್ಕಿ ಎಂಬ ವಿಶೇಷಣದ ಬಗ್ಗೆ ಎಚ್ಚರ ಬೇಕು. ಯಕ್ಷಗಾನದ ಕುಣಿತದ ಚುರುಕನ್ನು ಹೊಗಳಲು ಪ್ರವಾಸಿಗರ ಇಂಗ್ಲಿಷ್ ಕರಪತ್ರಗಳಲ್ಲಿ ‘ಜರ್ಕಿ ಮೂವ್‌ಮೆಂಟ್ಸ್’ ಎಂದು ಬರೆದಿರುತ್ತಾರೆ. ಅದು ಹೊಗಳಿಕೆಯಲ್ಲ. ಹದವಿಲ್ಲದ, ತಡೆತಡೆದು ಆಗುವ ಚಲನೆಗೆ ಜರ್ಕಿ ಎನ್ನುವುದು. ವೇಷಧಾರಿಯ ಗಿರಕಿಗೆ, ಹೆಜ್ಜೆಗೆ ಬ್ರಿಸ್ಕ್, ಕ್ರಿಸ್ಪ್, ನಿಂಬಲ್ ಸಲ್ಲುತ್ತವೆ. ಅಮೆರಿಕದ ಆಡುಮಾತಿನಲ್ಲಿ ಜರ್ಕ್ ಎಂದರೆ ಹೀನ ನಡತೆಯವನೆಂಬ ಬೈಗುಳ, ಆದ್ದರಿಂದ ವ್ಯಕ್ತಿಯ ಮುಂದೆ ಆ ನಾಮಪದ ಇಡಬಾರದು. ಒಣಮಾಂಸದ ಜರ್ಕಿ ದಕ್ಷಿಣ ಅಮೆರಿಕದ ಕೆಚುವಾ ಭಾಷೆಯಿಂದ ಬಂದ ಬೇರೆಯೇ ಪದ. ‘ಲೀವ್ ಇನ್ ದ ಲರ್ಚ್’ ಎಂಬ ನುಡಿಗಟ್ಟಿನ ಲರ್ಚ್‌ಗೂ ಹಡಗಿನ ಲರ್ಚ್‌ಗೂ ನಂಟಿಲ್ಲ. ಅದರ ಅರ್ಥ ಕೈಕೊಡುವುದು.

‘ಥೆಸಾರಸ್‌ನಲ್ಲೇ (ಸಮಾನಾರ್ಥಕ ಪದಗಳ ಕೋಶದಲ್ಲೇ) ಎಲ್ಲ ಒಟ್ಟಿಗಿವೆಯಲ್ಲ’ ಎಂದು ಕೇಳುವವರಿದ್ದಾರೆ. ವೈದ್ಯನಾಗಿದ್ದ ರೋಜೆ 1852ರಲ್ಲಿ ಅದನ್ನು ಹೊರತಂದದ್ದು ಪದಗಳನ್ನು ಭಾವಕ್ಕೆ ತಕ್ಕಂತೆ ಗುಂಪು ಮಾಡಿ, ಬರೆಯುವವನು ಅದರಲ್ಲಿ ತನಗೆ ಬೇಕಾದ ಒಂದನ್ನು ಹುಡುಕಿಕೊಳ್ಳಲಿ ಎಂದು. ಅವನೂ ತಾಳಬದ್ಧ ತೂಗಾಟಕ್ಕೆ ಒಂದು ಶೀರ್ಷಿಕೆ, ತಾಳವಿಲ್ಲದ ಚಲನೆಗೆ ಇನ್ನೊಂದು ಶೀರ್ಷಿಕೆ ಇಟ್ಟ. ಥೆಸಾರಸ್‌ನಲ್ಲಿ ಪದ ಸಿಕ್ಕ ಮೇಲೆ ಕಲಿಯುವವರ ನಿಘಂಟು ತೆರೆದು ಮೂರು ಸಂಗತಿ ನೋಡಬೇಕು: ಕರ್ಮಪದ ಬೇಕೋ ಬೇಡವೋ, ಮುಂದೆ ‘ಫ್ರಮ್’, ‘ಆ್ಯಟ್’ನಂಥ ಯಾವ ಉಪಸರ್ಗಾವ್ಯಯ ಬರುತ್ತದೆ, ಉದಾಹರಣೆಯ ಕರ್ತೃ ಮನುಷ್ಯನೋ ಅಂಗವೋ ಯಂತ್ರವೋ. ಮೂರನೆಯದನ್ನು ಹೆಚ್ಚಿನವರು ನೋಡುವುದೇ ಇಲ್ಲ, ತಪ್ಪಾಗುವುದು ಹೆಚ್ಚಾಗಿ ಅಲ್ಲೇ.

ಆದ್ದರಿಂದ ನಮ್ಮ ವಿನಂತಿ ಇಷ್ಟು. ದಿನಕ್ಕೆ ಇಪ್ಪತ್ತು ಪದ ಬೇಡ, ನಾಲ್ಕು ಸಾಕು. ಪ್ರತಿಯೊಂದಕ್ಕೂ ಒಂದು ಇಂಗ್ಲಿಷ್ ವಾಕ್ಯ, ಅದರ ಕೆಳಗೆ ಅದೇ ಸನ್ನಿವೇಶದ ಕನ್ನಡ ವಾಕ್ಯ, ಅದರಲ್ಲಿ ಸಾಧ್ಯವಾದಷ್ಟೂ ಒಂದು ಅನುಕರಣಾವ್ಯಯ ಇರಲಿ. ಅಭ್ಯಾಸಕ್ಕೆ ‘ಸಮಾನಾರ್ಥಕ ಆರಿಸಿ’ ಎಂಬುದರ ಬದಲು ‘ಗುಂಪಿಗೆ ಸೇರದ್ದನ್ನು ಆರಿಸಿ, ಕಾರಣ ಹೇಳಿ’ ಎಂದು ಕೇಳಿ. ಮಾದರಿಗೆ ಒಂದು ಕಳಿಸುತ್ತಿದ್ದೇವೆ: ಟಗ್, ಯ್ಯಾಂಕ್, ಫ್ಲಿಂಚ್, ಪ್ಲಕ್. ಉತ್ತರ ಫ್ಲಿಂಚ್, ಉಳಿದ ಮೂರಕ್ಕೆ ಎಳೆಯಲು ಏನಾದರೂ ಒಂದು ಕೈಯಲ್ಲಿ ಬೇಕು, ಫ್ಲಿಂಚ್‌ಗೆ ಬೇಡ. ಇನ್ನೊಂದು: ಶಿವರ್, ಫ್ಲಟರ್, ಜೋಲ್ಟ್, ಜಿಗಲ್. ಉತ್ತರ ಜೋಲ್ಟ್, ಅದು ಒಂದೇ ಸಲ ಆಗುವುದು. ಇದೇ ಸಾಲಿಗೆ ‘ಫ್ಲಟರ್, ಗಾಳಿಯಲ್ಲಿ ಆಗುವುದು ಅದೊಂದೇ’ ಎಂದು ಬರೆದ ವಿದ್ಯಾರ್ಥಿಗೂ ಪೂರ್ತಿ ಅಂಕ ಕೊಡಬೇಕಾಗುತ್ತದೆ, ಉತ್ತರದ ಕೆಳಗೆ ಅದನ್ನೂ ಅಚ್ಚು ಮಾಡಿ.

ಇಂತಿ,
ಇಂಗ್ಲಿಷ್ ಭಾಷಾ ಶಿಕ್ಷಕರು ಕೆಲವರು,
ಶಿರಸಿ ಮತ್ತು ಕಾರವಾರ